ಹುಣಸೂರಿನಿಂದ ಕಮಾಂಡ್ ಆಸ್ಪತ್ರೆಗೆ: ಮಿಲ್ಟ್ರಿ ಚಿಕಿತ್ಸೆ ಯಾರಿಗುಂಟು, ಯಾರಿಗಿಲ್ಲ?

ನಮ್ಮ ದೊಡ್ಡಪ್ಪ ಸೇನೆಯಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು. ಈಗ ಹುಣಸೂರು ತಾಲ್ಲೂಕಿನ ಊರಲ್ಲಿ ಹೊಗೆಸೊಪ್ಪು ಬೆಳೀತಾರೆ. ಅವರ ಪರ್ಸಿನಲ್ಲಿ ಎಟಿಎಂ ಕಾರ್ಡಿಗಿಂತ ಜೋಪಾನವಾಗಿರೋದು ಇನ್ನೊಂದು ಕಾರ್ಡು, ಇಸಿಎಚ್‌ಎಸ್‌ನದ್ದು. ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡ್. ‘ಇದೊಂದಿದ್ರೆ ಆಸ್ಪತ್ರೆ ಖರ್ಚಿನ ಭಯ ಇಲ್ಲ ಕಣ್ ಮಗ’ ಅಂತ ಅವರು ಹೇಳುತ್ತಿದ್ದುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅದರ ಬೆಲೆ ಗೊತ್ತಾಗಿದ್ದು ಅವರಿಗೆ ಎದೆನೋವು ಬಂದು ನಾನೇ ಮೈಸೂರಿಗೆ ಕರೆದುಕೊಂಡು ಹೋದಾಗ. ಪಾಲಿಕ್ಲಿನಿಕ್‌ನಲ್ಲಿ ರೆಫರಲ್ ಪತ್ರ ಸಿಕ್ಕಿತು. ಖಾಸಗಿ ಆಸ್ಪತ್ರೆಯೊಂದರ ಕೌಂಟರಿನಲ್ಲಿ ಮಾತ್ರ ‘ನಿಮ್ಮ ಹಳೇ ಬಿಲ್‌ಗಳೇ ಬಂದಿಲ್ಲ ಸರ್, ಡೆಪಾಸಿಟ್ ಕಟ್ಟಿ’ ಅಂದರು. ದೊಡ್ಡಪ್ಪ ಸುಮ್ಮನೆ ಕಾರ್ಡ್ ಹಿಡಿದು ನಿಂತಿದ್ದರು. ಅರ್ಧ ಗಂಟೆ ಜಗಳ ಆಡಿದವನು ನಾನು. ಕೊನೆಗೆ ಡೆಪಾಸಿಟ್ ಇಲ್ಲದೆ ಸೇರಿಸಿಕೊಂಡರು, ಸ್ಟೆಂಟ್ ಹಾಕಿದರು. ಈಗ ಆರಾಮಾಗಿದ್ದಾರೆ.

ಅವತ್ತಿನಿಂದ ಈ ವ್ಯವಸ್ಥೆ ಹೇಗೆ ನಡೆಯುತ್ತೆ ಅಂತ ಓದುತ್ತಾ ಬಂದೆ. ಇಂಜಿನಿಯರಿಂಗ್ ಓದಿದ ಚಟ, ಏನೇ ಕಂಡರೂ ಬ್ಲಾಕ್ ಡಯಾಗ್ರಾಂ ಬರೆದು ನೋಡೋದು. ಬರೆದು ನೋಡಿದರೆ, ‘ಮಿಲ್ಟ್ರಿ ಆಸ್ಪತ್ರೆ’ ಅಂತ ನಾವು ಕರೆಯೋದು ಬರೀ ಒಂದು ಕಟ್ಟಡ ಅಲ್ಲ, ಒಂದು ಸರಪಳಿ.

ಅದರ ಮೊದಲ ಕೊಂಡಿ ಗಡಿಯ ಪೋಸ್ಟ್‌ನಲ್ಲಿರುವ ನರ್ಸಿಂಗ್ ಅಸಿಸ್ಟೆಂಟ್. ಅವರ ಮೇಲೆ ಬೆಟಾಲಿಯನ್ನಿನ ವೈದ್ಯಾಧಿಕಾರಿ, ಆಮೇಲೆ ಫೀಲ್ಡ್ ಆಸ್ಪತ್ರೆ, ಮಿಲಿಟರಿ ಆಸ್ಪತ್ರೆ, ಕಮಾಂಡ್ ಆಸ್ಪತ್ರೆ, ಎಲ್ಲಕ್ಕೂ ಮೇಲೆ ದೆಹಲಿಯ ಆರ್ಮಿ ಹಾಸ್ಪಿಟಲ್ (ಆರ್ ಅಂಡ್ ಆರ್). 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಪೋಸ್ಟ್ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್‌ನ ಹತ್ತು ಮಂದಿ ಹೂತುಹೋದರಲ್ಲ, ಅದರಲ್ಲಿ ನಮ್ಮ ಎಚ್.ಡಿ. ಕೋಟೆಯ ಸಿಪಾಯಿ ಪಿ.ಎನ್. ಮಹೇಶ್ ಇದ್ದರು. ಆ ಪೋಸ್ಟಿನ ನರ್ಸಿಂಗ್ ಅಸಿಸ್ಟೆಂಟ್ ಸೂರ್ಯವಂಶಿ ಕೂಡ ಅಲ್ಲೇ ತೀರಿಕೊಂಡರು. ಆರು ದಿನಗಳ ನಂತರ ಜೀವಂತ ಸಿಕ್ಕವರು ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಒಬ್ಬರೇ. ಅವರನ್ನು ಹೆಲಿಕಾಪ್ಟರ್, ವಿಮಾನದಲ್ಲಿ ದೆಹಲಿಗೆ ತಂದರು. ಫೆಬ್ರವರಿ 11ರಂದು ಅವರೂ ಉಳಿಯಲಿಲ್ಲ. ಸರಪಳಿಯ ಎರಡು ತುದಿಗಳೂ ಆ ಒಂದು ವಾರದಲ್ಲಿ ದೇಶಕ್ಕೆ ಕಂಡವು.

ಮೈಸೂರು ಜಿಲ್ಲೆಯಲ್ಲಿ ಸೇನಾ ಆಸ್ಪತ್ರೆ ಇಲ್ಲ. ರಾಜ್ಯದಲ್ಲಿ ಬೆಳಗಾವಿಯಲ್ಲಿ ಮಿಲಿಟರಿ ಆಸ್ಪತ್ರೆ, ಕಾರವಾರದಲ್ಲಿ ನೌಕಾಪಡೆಯ ಐಎನ್‌ಎಚ್‌ಎಸ್ ಪತಂಜಲಿ ಇವೆ. ನಮಗೆ ದೊಡ್ಡದು ಅಂದರೆ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಮಾಂಡ್ ಆಸ್ಪತ್ರೆ. ಹುಣಸೂರಿನಿಂದ ಸುಮಾರು 190 ಕಿಲೋಮೀಟರ್. ಲಖನೌ, ಪುಣೆ, ಕೋಲ್ಕತ್ತ, ಚಂಡಿಮಂದಿರ, ಉಧಂಪುರದ ಕಮಾಂಡ್ ಆಸ್ಪತ್ರೆಗಳು ಭೂಸೇನೆಯವು. ಬೆಂಗಳೂರಿನದ್ದು ವಾಯುಪಡೆಯದ್ದು. ಹಾಗಂತ ನೀಲಿ ಸಮವಸ್ತ್ರದವರಿಗೆ ಮಾತ್ರ ಅಲ್ಲ. ಮೂರೂ ಪಡೆಯವರು, ಅವರನ್ನು ಅವಲಂಬಿಸಿದ ಹೆಂಡತಿ ಮಕ್ಕಳು, ಅಪ್ಪ ಅಮ್ಮ ಇಲ್ಲಿಗೆ ಬರುತ್ತಾರೆ. ಪಿರಿಯಾಪಟ್ಟಣದ ಹುಡುಗನೊಬ್ಬ ಲಡಾಖ್‌ನಲ್ಲಿದ್ದರೂ ಅವನ ತಾಯಿಯ ಆಪರೇಷನ್ ಇಲ್ಲಿ ಆಗಬಹುದು. ರಾಜೀವ್ ಗಾಂಧಿ ಆರೋಗ್ಯ ವಿವಿ ಅಡಿಯಲ್ಲಿ ವೈದ್ಯರ ಸ್ನಾತಕೋತ್ತರ ತರಬೇತಿ ನಡೆಯುತ್ತೆ. ಮಿಲಿಟರಿ ನರ್ಸಿಂಗ್ ಸೇವೆಗೆ ಹುಡುಗಿಯರನ್ನು ತಯಾರು ಮಾಡುವ ನರ್ಸಿಂಗ್ ಕಾಲೇಜೂ ಇದೆ (ನಮ್ಮ ಕಡೆಯ ಪಿಯುಸಿ ವಿಜ್ಞಾನದ ಹುಡುಗಿಯರಿಗೆ ಇದನ್ನು ಯಾರೂ ಹೇಳೋದೇ ಇಲ್ಲ). ಗಗನಯಾನದ ಯಾತ್ರಿಗಳನ್ನು ಆರಿಸಿದ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೇ ರಸ್ತೆಯಲ್ಲಿದ್ದರೂ ಅದು ಬೇರೆ ಸಂಸ್ಥೆ.

ಈ ಆಸ್ಪತ್ರೆಯ ಹೆಸರು ಟಿವಿಯಲ್ಲಿ ದಿನಗಟ್ಟಲೆ ಕೇಳಿದ್ದು 2021ರ ಡಿಸೆಂಬರ್‌ನಲ್ಲಿ. ಕೂನೂರಿನ ಬಳಿ ಜನರಲ್ ಬಿಪಿನ್ ರಾವತ್ ಇದ್ದ ಹೆಲಿಕಾಪ್ಟರ್ ಬಿದ್ದಾಗ ಬದುಕುಳಿದಿದ್ದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಅವರನ್ನು ವೆಲ್ಲಿಂಗ್ಟನ್ ಸೇನಾ ಆಸ್ಪತ್ರೆಯಿಂದ ಇಲ್ಲಿಗೆ ತಂದರು. ಡಿಸೆಂಬರ್ 15ರಂದು ಅವರು ಇಲ್ಲೇ ಕೊನೆಯುಸಿರೆಳೆದರು.

ಇತಿಹಾಸ ಕೆದಕಿದರೆ ಈ ಕಥೆ ಮತ್ತೆ ನಮ್ಮ ಮೈಸೂರು ಸೀಮೆಗೇ ಬರುತ್ತೆ. ಟಿಪ್ಪು ಮಡಿದ ಮೇಲೆ ಬ್ರಿಟಿಷ್ ಸೇನೆ ಬೀಡುಬಿಟ್ಟಿದ್ದು ಶ್ರೀರಂಗಪಟ್ಟಣದಲ್ಲಿ. ಅಲ್ಲಿನ ಚಳಿಜ್ವರ ಸಿಪಾಯಿಗಳನ್ನು ಮಲಗಿಸಿತು. 1809ರಲ್ಲಿ ದಂಡು ಬೆಂಗಳೂರಿಗೆ ಹೋಯಿತು, ಕಂಟೋನ್ಮೆಂಟ್ ಹುಟ್ಟಿತು. ಅಂದರೆ ಬೆಂಗಳೂರು ದಂಡು ಪ್ರದೇಶ ಆಗಿದ್ದರ ಹಿಂದೆ ಕಾವೇರಿ ದಂಡೆಯ ಸೊಳ್ಳೆಯ ಪಾಲೂ ಇದೆ! ಅದೇ ಕಂಟೋನ್ಮೆಂಟಿನಲ್ಲಿ ಸೇನಾ ವೈದ್ಯನಾಗಿ ಕೆಲಸ ಮಾಡಿದ್ದ ರೊನಾಲ್ಡ್ ರಾಸ್, 1897ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು ಪತ್ತೆ ಹಚ್ಚಿದ. ಆಗ ಹುಣಸೂರಿನ ಪಾಲು ಬೇರೆ ರೀತಿಯದ್ದು. 19ನೇ ಶತಮಾನದಲ್ಲಿ ಇಲ್ಲಿ ಸೇನೆಗೆ ಚರ್ಮದ ಸಾಮಾನು, ಕಂಬಳಿ, ಗಾಡಿ ಮಾಡುವ ದೊಡ್ಡ ಕಾರ್ಖಾನೆ ಇತ್ತು. ಸಾಮಾನು ಎಳೆಯಲು ಅಮೃತಮಹಲ್ ಎತ್ತುಗಳಿದ್ದವು. 1860ರ ದಶಕದಲ್ಲಿ ಆ ಕಾರ್ಖಾನೆ ಮುಚ್ಚಿತು. ಸೇನೆಗೆ ಸರಕು ಕೊಡುತ್ತಿದ್ದ ತಾಲ್ಲೂಕು ಈಗ ಆಳುಗಳನ್ನು ಕೊಡುತ್ತಿದೆ.

ಸೇವೆಯಲ್ಲಿದ್ದಾಗ ಸರಪಳಿ ಗಟ್ಟಿ. ನಿವೃತ್ತಿಯ ನಂತರ ಏನು? 2003ಕ್ಕೆ ಮುಂಚೆ ಮಾಜಿ ಸೈನಿಕ ಸೇನಾ ಆಸ್ಪತ್ರೆ ಇರುವ ಊರಿಗೇ ಹೋಗಬೇಕಿತ್ತು. ಅಲ್ಲೂ ಸೇವೆಯಲ್ಲಿರುವವರಿಗೇ ಮೊದಲ ಆದ್ಯತೆ. 2003ರ ಏಪ್ರಿಲ್ 1ರಂದು ಇಸಿಎಚ್‌ಎಸ್ ಶುರುವಾಯಿತು. ದೇಶದಾದ್ಯಂತ ಮೊದಲು 227 ಪಾಲಿಕ್ಲಿನಿಕ್ ಮಂಜೂರಾದವು, 2010ರಲ್ಲಿ ಇನ್ನೂ 199 ಸೇರಿದವು. ನಮ್ಮ ನಾಲ್ಕು ತಾಲ್ಲೂಕಿನವರು ಹೋಗೋದು ಮೈಸೂರಿಗೆ. ಪಿರಿಯಾಪಟ್ಟಣದವರಿಗೆ ಮಡಿಕೇರಿಯೂ ಒಂದು ದಾರಿ. ಕೆ.ಆರ್. ನಗರದಿಂದ ಮೈಸೂರು 40 ಕಿಲೋಮೀಟರ್, ಪಿರಿಯಾಪಟ್ಟಣದಿಂದ 70. ಎಚ್.ಡಿ. ಕೋಟೆಯ ಕಾಡಂಚಿನ ಊರಾದರೆ ಶುಗರ್ ಮಾತ್ರೆ ತರೋಕೆ ಒಂದಿಡೀ ದಿನ ಬೇಕು.

ಹೆಸರಲ್ಲೇ ಇರುವ ಹಾಗೆ ಇದು ‘ವಂತಿಗೆ’ಯ ಯೋಜನೆ, ಪುಕ್ಕಟೆ ಅಲ್ಲ. ನಿವೃತ್ತಿಯ ವೇಳೆ ಒಂದೇ ಸಲ ಕಟ್ಟಬೇಕು: ಹವಾಲ್ದಾರ್ ಹುದ್ದೆವರೆಗೆ 30,000 ರೂಪಾಯಿ, ಸುಬೇದಾರ್ ದರ್ಜೆಯವರಿಗೆ 67,000, ಆಫೀಸರ್‌ಗಳಿಗೆ 1,20,000. 1996ರ ಜನವರಿಗೆ ಮುಂಚೆ ನಿವೃತ್ತರಾದವರು ಮತ್ತು ಯುದ್ಧದಲ್ಲಿ ಮಡಿದವರ ಪತ್ನಿಯರು ಕಟ್ಟಬೇಕಿಲ್ಲ. ಮೊದಲು ಪಾಲಿಕ್ಲಿನಿಕ್, ಅಲ್ಲಿಂದ ರೆಫರಲ್, ಆಮೇಲೆ ಸೇನಾ ಆಸ್ಪತ್ರೆ ಅಥವಾ ಒಪ್ಪಂದದ ಖಾಸಗಿ ಆಸ್ಪತ್ರೆ. ತುರ್ತು ಇದ್ದರೆ ರೆಫರಲ್‌ಗೆ ಕಾಯಬೇಡಿ, ನೇರ ಹೋಗಿ. ಒಪ್ಪಂದ ಇಲ್ಲದ ಆಸ್ಪತ್ರೆಗೆ ಸೇರಿಸಿದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಲೇಬೇಕು. ಇದು ಗೊತ್ತಿಲ್ಲದೆ ಬಿಲ್ ಕಳಕೊಂಡವರ ಕಥೆ ನಮ್ಮೂರಲ್ಲೇ ಕೇಳಿದ್ದೇನೆ.

ಔಷಧಿಯ ಕೊರತೆ, ಆಸ್ಪತ್ರೆಗಳ ಬಿಲ್ ಪಾವತಿಯ ಗೊಂದಲ ನಮ್ಮ ದೊಡ್ಡಪ್ಪ ಒಬ್ಬರ ಅನುಭವ ಅಲ್ಲ. 2015ರಲ್ಲೇ ಸಿಎಜಿ ಈ ಯೋಜನೆಯ ಮೇಲೆ ಪ್ರತ್ಯೇಕ ವರದಿ ಕೊಟ್ಟು ಇವನ್ನೆಲ್ಲ ಎತ್ತಿ ತೋರಿಸಿತ್ತು.

ಆದರೂ ಈ ಬಾಗಿಲು ವರ್ಷದಿಂದ ವರ್ಷಕ್ಕೆ ಅಗಲ ಆಗುತ್ತಾ ಬಂದಿದೆ ಅನ್ನೋದನ್ನು ಒಪ್ಪಬೇಕು. ಪಿರಿಯಾಪಟ್ಟಣದ ಬೈಲಕುಪ್ಪೆ, ಹುಣಸೂರಿನ ಗುರುಪುರದ ಟಿಬೆಟನ್ ವಸತಿಗಳನ್ನೇ ನೋಡಿ. 1962ರಲ್ಲಿ ಟಿಬೆಟನ್ನರಿಂದ ಕಟ್ಟಿದ ಸ್ಪೆಷಲ್ ಫ್ರಾಂಟಿಯರ್ ಫೋರ್ಸ್‌ನ ಪಿಂಚಣಿದಾರರೂ ಇಸಿಎಚ್‌ಎಸ್‌ಗೆ ಸೇರಬಹುದು. 2019ರಲ್ಲಿ ಎರಡನೇ ಮಹಾಯುದ್ಧದ ಸೈನಿಕರು, ಶಾರ್ಟ್ ಸರ್ವಿಸ್ ಆಫೀಸರ್‌ಗಳು ಸೇರಿದರು. 2025ರಲ್ಲಿ, ಸುಪ್ರೀಂ ಕೋರ್ಟ್ ತಾನೇ ಪ್ರಕರಣ ಎತ್ತಿಕೊಂಡ ಮೇಲೆ, ತರಬೇತಿಯಲ್ಲಿ ಅಂಗವಿಕಲರಾಗಿ ಹೊರಬಿದ್ದ ಆಫೀಸರ್ ಕೆಡೆಟ್‌ಗಳಿಗೂ ಸೌಲಭ್ಯ ಸಿಕ್ಕಿತು.

ಹೊರಗೇ ಉಳಿದವರು ಅಗ್ನಿವೀರರು. 2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥ ಯೋಜನೆಯ ಷರತ್ತಿನಲ್ಲಿ ಇದು ನೇರವಾಗಿಯೇ ಇದೆ: ನಾಲ್ಕು ವರ್ಷ ಮುಗಿಸಿ ಹೊರಬಂದವರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕ ಅನ್ನೋ ಸ್ಥಾನಮಾನ ಇಲ್ಲ, ಕ್ಯಾಂಟೀನ್ ಇಲ್ಲ, ಇಸಿಎಚ್‌ಎಸ್ ಇಲ್ಲ. ಕೈಗೆ ಸಿಗೋದು ಸುಮಾರು 11.71 ಲಕ್ಷದ ಸೇವಾನಿಧಿ. ಸೇವೆಯಲ್ಲಿರುವಾಗ ಸೇನಾ ಆಸ್ಪತ್ರೆ ಇದೆ. ಸೇವೆಯಿಂದಲೇ ಅಂಗವೈಕಲ್ಯ ಆದರೆ ಅದರ ಪ್ರಮಾಣ ನೋಡಿ 15, 25 ಅಥವಾ 44 ಲಕ್ಷ ಒಂದೇ ಗಂಟಿನಲ್ಲಿ ಕೊಡುತ್ತಾರೆ. ಆದರೆ ಕಾಯಿಲೆ ಒಂದೇ ಗಂಟಿನಲ್ಲಿ ಬರಲ್ಲವಲ್ಲ. ಬೆಟ್ಟದ ಮೇಲೆ ಸವೆದ ಮಂಡಿ, ಫೈರಿಂಗ್‌ನಲ್ಲಿ ಮಂದವಾದ ಕಿವಿ ಲೆಕ್ಕ ಕೇಳೋದು ನಲವತ್ತು ದಾಟಿದ ಮೇಲೆ. ನಾಲ್ಕು ವರ್ಷಕ್ಕೆ ಪೂರ್ತಿ ಪಿಂಚಣಿ ಕೊಡಿ ಅಂತ ನಾನು ವಾದಿಸಲ್ಲ, ಆ ಚರ್ಚೆ ಬೇರೆ. ವಂತಿಗೆ ಕಟ್ಟಿ ಸೇರುವ ಯೋಜನೆಗೆ, ಸೇವಾನಿಧಿಯಲ್ಲೇ 30,000 ಹಿಡಿದುಕೊಂಡು ಕಾರ್ಡ್ ಕೊಡೋಕೆ ಏನು ಅಡ್ಡಿ? ಮೂರು ಪಾಲು ಹುಡುಗರು ವಾಪಸ್ ಬರುವ ಯೋಜನೆ ಇದು. ಕಾಯಂ ಆಗೋದು ಹೆಚ್ಚೆಂದರೆ ಶೇ 25 ಮಂದಿ.

ಸೇನೆಯ ಮೊದಲ ಬ್ಯಾಚಿನ ತರಬೇತಿ ಶುರುವಾಗಿದ್ದು 2023ರ ಜನವರಿಯಲ್ಲಿ. ನಾಲ್ಕು ವರ್ಷ ಎಣಿಸಿ ನೋಡಿ. ನಮ್ಮೂರಿನ ಹುಡುಗನೊಬ್ಬ ಆ ವರ್ಷವೇ ಸೇರಿದ. ರಜೆಗೆ ಬಂದಾಗ ದೊಡ್ಡಪ್ಪನ ಜಗಲಿ ಮೇಲೆ ಕೂತು ಅವರ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದ. ‘ನಿಂಗೆ ಯಾವಾಗ ಕೊಡ್ತಾರ್ಲಾ?’ ಅಂದರು ದೊಡ್ಡಪ್ಪ. ‘ನಮ್ಗಿಲ್ಲ ದೊಡ್ಡಪ್ಪ’ ಅಂತ ಅವನು ಕಾರ್ಡನ್ನು ಅವರ ಕೈಗೇ ವಾಪಸ್ ಕೊಟ್ಟ.