ಗೃಹ ವಿದ್ಯುದೀಕರಣ

ಗೃಹ ವಿದ್ಯುದೀಕರಣ ಎಂದರೆ ಅಡುಗೆ ಮಾಡುವುದು, ನೀರು ಕಾಯಿಸುವುದು, ಶೀತ ಪ್ರದೇಶಗಳಲ್ಲಿ ಕೋಣೆಗಳನ್ನು ಬೆಚ್ಚಗಿಡುವುದು ಮೊದಲಾದ ಕೆಲಸಗಳಿಗೆ ಮನೆಯಲ್ಲಿ ಬಳಸುವ ಅನಿಲದ ಉಪಕರಣಗಳ ಬದಲಿಗೆ ವಿದ್ಯುತ್ ಉಪಕರಣಗಳನ್ನು ಅಳವಡಿಸಿಕೊಳ್ಳುವುದು ಮತ್ತು ಆ ವಿದ್ಯುತ್ತನ್ನು ಸಾಧ್ಯವಾದಷ್ಟು ಸೌರ, ಪವನ, ಜಲ ಮೊದಲಾದ ಶುದ್ಧ ಮೂಲಗಳಿಂದ ಪಡೆಯುವುದು. ವಿದ್ಯುತ್ ಇಲ್ಲದ ಹಳ್ಳಿಗಳಿಗೆ ಸಂಪರ್ಕ ಕಲ್ಪಿಸುವ ಗ್ರಾಮೀಣ ವಿದ್ಯುದೀಕರಣಕ್ಕಿಂತ ಇದು ಭಿನ್ನವಾದುದು. ಉಪಕರಣಗಳು ಮಾತ್ರ ಬದಲಾಗಿ ವಿದ್ಯುತ್ತಿನ ಮೂಲ ಬದಲಾಗದಿದ್ದರೆ ಹೊಗೆಯು ಅಡುಗೆಮನೆಯಿಂದ ಉಷ್ಣ ವಿದ್ಯುತ್ ಸ್ಥಾವರಕ್ಕೆ ಸ್ಥಳಾಂತರಗೊಳ್ಳುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಹಿನ್ನೆಲೆ

ಭಾರತದ ಮನೆಗಳಲ್ಲಿ ಅಡುಗೆ ಅನಿಲ (ಎಲ್‌ಪಿಜಿ) 1950ರ ದಶಕದಿಂದ ಬಳಕೆಗೆ ಬಂದಿತು. 2016ರ ಮೇ 1ರಂದು ಆರಂಭವಾದ ಪ್ರಧಾನಮಂತ್ರಿ ಉಜ್ವಲ ಯೋಜನೆಯು ಅದನ್ನು ಬಡ ಕುಟುಂಬಗಳಿಗೆ ತಲುಪಿಸಿತು. ಸೌದೆ ಒಲೆಯ ಹೊಗೆಗೆ ಹೋಲಿಸಿದರೆ ಅಡುಗೆ ಅನಿಲವು ಆರೋಗ್ಯದ ದೃಷ್ಟಿಯಿಂದ ಬಹಳ ಉತ್ತಮವಾದುದು. ಆದರೆ ದೇಶದಲ್ಲಿ ಬಳಕೆಯಾಗುವ ಎಲ್‌ಪಿಜಿಯ ಸುಮಾರು ಶೇ. 60ರಷ್ಟು ಆಮದಾಗುತ್ತದೆ. ಅಂತರರಾಷ್ಟ್ರೀಯ ಬೆಲೆಯ ಏರಿಳಿತ ಹಾಗೂ ಪೂರೈಕೆಯ ಅನಿಶ್ಚಿತತೆ ವಿದ್ಯುತ್ ಅಡುಗೆಯತ್ತ ಗಮನ ಹರಿಯಲು ಕಾರಣಗಳಾಗಿವೆ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಗೋ ಎಲೆಕ್ಟ್ರಿಕ್’ ಅಭಿಯಾನವು ವಿದ್ಯುತ್ ವಾಹನಗಳ ಜೊತೆಗೆ ವಿದ್ಯುತ್ ಅಡುಗೆಯನ್ನೂ ಒಳಗೊಂಡಿತ್ತು.

ಉಪಕರಣಗಳು

ಇಂಡಕ್ಷನ್ ಒಲೆ: ಗಾಜಿನ ಹಲಗೆಯ ಕೆಳಗಿರುವ ತಾಮ್ರದ ಸುರುಳಿಯಲ್ಲಿ ಹೆಚ್ಚಿನ ಆವರ್ತನದ ವಿದ್ಯುತ್ ಹರಿದಾಗ ಬದಲಾಗುವ ಕಾಂತಕ್ಷೇತ್ರ ಉಂಟಾಗುತ್ತದೆ. ಅದು ಪಾತ್ರೆಯ ತಳದಲ್ಲಿ ಸುಳಿ ಪ್ರವಾಹಗಳನ್ನು ಉಂಟುಮಾಡುವುದರಿಂದ ಪಾತ್ರೆಯೇ ಬಿಸಿಯಾಗುತ್ತದೆ. ಬೆಂಕಿಯ ಉರಿಯಂತೆ ಶಾಖವು ಪಾತ್ರೆಯ ಸುತ್ತ ಹರಡಿ ವ್ಯರ್ಥವಾಗುವುದಿಲ್ಲ. ಇದರ ದಕ್ಷತೆ ಸುಮಾರು ಶೇ. 85. ಮನೆಬಳಕೆಯ ಎಲ್‌ಪಿಜಿ ಒಲೆಗೆ ಭಾರತೀಯ ಮಾನಕವು ನಿಗದಿಪಡಿಸಿದ ಕನಿಷ್ಠ ದಕ್ಷತೆ ಶೇ. 68. ಆಯಸ್ಕಾಂತಕ್ಕೆ ಅಂಟುವ ತಳವುಳ್ಳ ಪಾತ್ರೆಗಳು ಮಾತ್ರ ಇಂಡಕ್ಷನ್ ಒಲೆಗೆ ಹೊಂದುತ್ತವೆ. ಸಾಮಾನ್ಯ ಅಲ್ಯೂಮಿನಿಯಂ, ತಾಮ್ರ ಹಾಗೂ ಮಣ್ಣಿನ ಪಾತ್ರೆಗಳು ಬಿಸಿಯಾಗುವುದಿಲ್ಲ. ಜೋಳದ ರೊಟ್ಟಿಯನ್ನು ಕೆಂಡ ಅಥವಾ ಉರಿಯ ಮೇಲೆ ಉಬ್ಬಿಸುವುದು, ಬದನೆಕಾಯಿ ಸುಡುವುದು ಮುಂತಾದ ಕ್ರಮಗಳಿಗೆ ಉರಿಯೇ ಬೇಕು. ಪಾತ್ರೆಯ ವಸ್ತುವನ್ನು ಅವಲಂಬಿಸದ ಇನ್‌ಫ್ರಾರೆಡ್ ಒಲೆಗಳೂ ದೊರೆಯುತ್ತವೆ. ಅವುಗಳ ದಕ್ಷತೆ ಇಂಡಕ್ಷನ್‌ಗಿಂತ ಕಡಿಮೆ.

ನೀರು ಕಾಯಿಸುವ ಉಪಕರಣಗಳು: ಗ್ಯಾಸ್ ಗೀಸರ್ ಇರುವ ಬಚ್ಚಲುಮನೆಯಲ್ಲಿ ಗಾಳಿ ಆಡದಿದ್ದರೆ ಕಾರ್ಬನ್ ಮಾನಾಕ್ಸೈಡ್ ಶೇಖರವಾಗಿ ಪ್ರಾಣಾಪಾಯ ಸಂಭವಿಸುತ್ತದೆ. ಈ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರಣ ಅಪಾಯವು ಅರಿವಿಗೆ ಬರುವುದಿಲ್ಲ. ಸಾಧಾರಣ ವಿದ್ಯುತ್ ಗೀಸರ್‌ನಲ್ಲಿ ಈ ಅಪಾಯವಿಲ್ಲವಾದರೂ ವಿದ್ಯುತ್ ಹೆಚ್ಚು ಖರ್ಚಾಗುತ್ತದೆ. ಶಾಖ ಪಂಪು ಶಾಖವನ್ನು ಉತ್ಪಾದಿಸುವ ಬದಲು, ರೆಫ್ರಿಜರೇಟರಿನ ತತ್ತ್ವದಂತೆ, ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಹೀರಿ ನೀರಿಗೆ ಸಾಗಿಸುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಅದು ಸಾಮಾನ್ಯವಾಗಿ ಮೂರು ಯೂನಿಟ್ಟಿನಷ್ಟು ಶಾಖ ನೀಡಬಲ್ಲದು. ಚಾವಣಿಯ ಸೌರ ಜಲತಾಪಕವು ಬಿಸಿಲಿನ ದಿನಗಳಲ್ಲಿ ವಿದ್ಯುತ್ತಿಲ್ಲದೆಯೇ ಕೆಲಸ ಮಾಡುತ್ತದೆ.

ಇಂಗಾಲದ ಲೆಕ್ಕ

14.2 ಕಿ.ಗ್ರಾಂ. ತೂಕದ ಗೃಹಬಳಕೆಯ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್‌ಗೆ ಸಮನಾದ ಶಕ್ತಿ ಅಡಗಿರುತ್ತದೆ. ಮೇಲೆ ಹೇಳಿದ ದಕ್ಷತೆಗಳ ಆಧಾರದಲ್ಲಿ, ಒಂದು ಸಿಲಿಂಡರಿನಿಂದ ಆಗುವ ಅಡುಗೆಗೆ ಇಂಡಕ್ಷನ್ ಒಲೆಯಲ್ಲಿ ಸುಮಾರು 145 ಯೂನಿಟ್ ವಿದ್ಯುತ್ ಬೇಕು.

ಒಂದು ಸಿಲಿಂಡರ್ ಉರಿದಾಗ ಸುಮಾರು 42 ಕಿ.ಗ್ರಾಂ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಭಾರತದ ವಿದ್ಯುತ್ತಿನ ಸುಮಾರು ಮುಕ್ಕಾಲು ಭಾಗ ಇಂದಿಗೂ ಕಲ್ಲಿದ್ದಲಿನಿಂದ ಬರುತ್ತಿದ್ದು, ಪ್ರತಿ ಯೂನಿಟ್‌ಗೆ ಸರಾಸರಿ 0.7 ಕಿ.ಗ್ರಾಂ.ನಷ್ಟು ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಆದ್ದರಿಂದ ಅದೇ ಅಡುಗೆಯನ್ನು ವಿದ್ಯುತ್ ಜಾಲದಿಂದ ಪಡೆದ ವಿದ್ಯುತ್ತಿನಲ್ಲಿ ಮಾಡಿದರೆ ಹೊರಸೂಸುವಿಕೆ ಸುಮಾರು 100 ಕಿ.ಗ್ರಾಂ. ಆಗುತ್ತದೆ. ಅಂದರೆ ಅದು ಅನಿಲದ ಎರಡರಷ್ಟಕ್ಕೂ ಹೆಚ್ಚು. ಜಾಲದ ಸರಾಸರಿಯು ಪ್ರತಿ ಯೂನಿಟ್‌ಗೆ 0.3 ಕಿ.ಗ್ರಾಂ.ನ ಆಸುಪಾಸಿಗೆ ಇಳಿದಾಗ ಎರಡೂ ಸಮವಾಗುತ್ತವೆ. ಶಾಖ ಪಂಪಿನ ಸಂಗತಿ ಬೇರೆ: ಅದು ಮೂರು ಪಟ್ಟು ಶಾಖ ನೀಡುವುದರಿಂದ ಇಂದಿನ ಜಾಲದಲ್ಲಿಯೂ ಗ್ಯಾಸ್ ಗೀಸರ್‌ಗಿಂತ ಹೆಚ್ಚಿನ ಇಂಗಾಲ ಹೊರಸೂಸುವುದಿಲ್ಲ.

ಚಾವಣಿಯ ಮೇಲೆ ಅಳವಡಿಸಿದ 1 ಕಿಲೋವ್ಯಾಟ್ ಸೌರ ಫಲಕಗಳು ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು 4 ಯೂನಿಟ್, ಅಂದರೆ ತಿಂಗಳಿಗೆ 120 ಯೂನಿಟ್ ಉತ್ಪಾದಿಸುತ್ತವೆ. ತಿಂಗಳಿಗೊಂದು ಸಿಲಿಂಡರ್ ಬಳಸುವ ಕುಟುಂಬದ ಅಡುಗೆಯ ಬಹುಪಾಲನ್ನು ಇದು ಸರಿದೂಗಿಸಬಲ್ಲದು. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದ ಉತ್ಪಾದನೆ ಬಹಳ ಕಡಿಮೆ.

ಆರೋಗ್ಯ

ಅನಿಲದ ಉರಿಯಿಂದ ನೈಟ್ರೋಜನ್ ಡೈಆಕ್ಸೈಡ್ ಉಂಟಾಗುತ್ತದೆ. ಇದು ಶ್ವಾಸನಾಳವನ್ನು ಕೆರಳಿಸುತ್ತದೆ ಮತ್ತು ಉಬ್ಬಸವಿರುವವರಿಗೆ ಹೆಚ್ಚು ತೊಂದರೆ ಕೊಡುತ್ತದೆ. ವಿದ್ಯುತ್ ಒಲೆಯಿಂದ ಈ ಅನಿಲ ಹೊರಬರುವುದಿಲ್ಲ. ಆದರೆ ಒಗ್ಗರಣೆ ಹಾಕುವಾಗ ಅಥವಾ ಕರಿಯುವಾಗ ಏಳುವ ಎಣ್ಣೆಯ ಹೊಗೆ ಯಾವ ಒಲೆಯಲ್ಲಿಯೂ ತಪ್ಪದು. ಅದಕ್ಕೆ ಕಿಟಕಿ ಅಥವಾ ಚಿಮಣಿ ಬೇಕೇ ಬೇಕು.

ವೈರಿಂಗ್ ಮತ್ತು ಸುರಕ್ಷತೆ

2,000 ವ್ಯಾಟ್‌ನ ಇಂಡಕ್ಷನ್ ಒಲೆಯು 230 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ದೀಪ, ಫ್ಯಾನುಗಳಿಗಾಗಿ ಹಾಕಿದ 6 ಆಂಪಿಯರ್ ಸಾಕೆಟ್ ಇದಕ್ಕೆ ಸಾಲದು. 16 ಆಂಪಿಯರ್ ಸಾಕೆಟ್, ಸೂಕ್ತ ದಪ್ಪದ ತಂತಿ, ಎಂಸಿಬಿ ಮತ್ತು ಸರಿಯಾದ ಅರ್ಥಿಂಗ್ ಅಗತ್ಯ. ಒಲೆ, ಗೀಸರ್ ಎರಡನ್ನೂ ಒಟ್ಟಿಗೆ ಬಳಸುವ ಮನೆಗಳಲ್ಲಿ ವಿದ್ಯುತ್ ಸರಬರಾಜು ಕಂಪನಿಯಿಂದ ಮಂಜೂರಾದ ಲೋಡನ್ನು ಹೆಚ್ಚಿಸಿಕೊಳ್ಳಬೇಕಾಗಬಹುದು.

ಬ್ಯಾಟರಿ ಇಲ್ಲದ, ಜಾಲಕ್ಕೆ ಜೋಡಿಸಿದ ಸೌರ ವ್ಯವಸ್ಥೆಯು ವಿದ್ಯುತ್ ಕಡಿತವಾದೊಡನೆ ತಾನೂ ನಿಲ್ಲುತ್ತದೆ. ದುರಸ್ತಿಗಾಗಿ ಕಂಬ ಹತ್ತಿದ ನೌಕರರಿಗೆ ಆಘಾತವಾಗದಿರಲೆಂದು ಈ ವ್ಯವಸ್ಥೆ ಮಾಡಲಾಗಿದೆ. ಹೀಗಾಗಿ ವಿದ್ಯುತ್ ಕಡಿತ ಹೆಚ್ಚಿರುವ ಊರುಗಳಲ್ಲಿ ಅನೇಕ ಕುಟುಂಬಗಳು ವಿದ್ಯುತ್ ಒಲೆಯ ಜೊತೆಗೆ ಒಂದು ಸಿಲಿಂಡರನ್ನೂ ಉಳಿಸಿಕೊಳ್ಳುತ್ತವೆ.

ಕರ್ನಾಟಕದಲ್ಲಿ

ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕ್ ಸೇರಿದಂತೆ ನವೀಕರಿಸಬಹುದಾದ ಇಂಧನದಲ್ಲಿ ಕರ್ನಾಟಕವು ದೇಶದ ಮುಂಚೂಣಿಯ ರಾಜ್ಯಗಳಲ್ಲೊಂದು. ಆದರೆ ಸೌರ ವಿದ್ಯುತ್ ದೊರೆಯುವುದು ಹಗಲಿನಲ್ಲಿ, ಅಡುಗೆಯ ಒತ್ತಡವಿರುವುದು ಬೆಳಗಿನ ಜಾವ ಮತ್ತು ಸಂಜೆ. ಈ ಅಂತರವನ್ನು ಜಲವಿದ್ಯುತ್, ಉಷ್ಣ ವಿದ್ಯುತ್ ಅಥವಾ ಬ್ಯಾಟರಿಗಳಿಂದ ತುಂಬಬೇಕಾಗುತ್ತದೆ.

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ, ಕುಟುಂಬದ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ. 10ರಷ್ಟು ವಿದ್ಯುತ್ತನ್ನು ಉಚಿತವೆಂದು ನಿಗದಿಪಡಿಸಲಾಯಿತು. ಬಳಕೆ 200 ಯೂನಿಟ್ ದಾಟಿದರೆ ಪೂರ್ಣ ಬಿಲ್ ಪಾವತಿಸಬೇಕು. ತಿಂಗಳಿಗೆ 90 ಯೂನಿಟ್ ಬಳಸುವ ಮನೆಯು ಒಂದು ಸಿಲಿಂಡರಿನಷ್ಟು ಅಡುಗೆಯನ್ನು ಪೂರ್ಣವಾಗಿ ವಿದ್ಯುತ್ತಿಗೆ ಬದಲಿಸಿದರೆ ಬಳಕೆಯು 235 ಯೂನಿಟ್ ಮುಟ್ಟಿ ಉಚಿತ ಸೌಲಭ್ಯವೇ ತಪ್ಪುತ್ತದೆ. ಇಂಥ ಮನೆಗಳಿಗೆ ಅನ್ನ, ಬೇಳೆ ಬೇಯಿಸುವಂಥ ಕೆಲವು ಕೆಲಸಗಳನ್ನಷ್ಟೇ ಬದಲಿಸುವುದು ಅಥವಾ ಸೌರ ಫಲಕ ಅಳವಡಿಸುವುದು ಪರ್ಯಾಯಗಳಾಗಿವೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯು 1 ಕಿಲೋವ್ಯಾಟ್‌ಗೆ ₹30,000, 2 ಕಿಲೋವ್ಯಾಟ್‌ಗೆ ₹60,000 ಮತ್ತು 3 ಕಿಲೋವ್ಯಾಟ್ ಅಥವಾ ಹೆಚ್ಚಿನದಕ್ಕೆ ₹78,000 ಸಹಾಯಧನವನ್ನು ನಿಗದಿಪಡಿಸಿತು. ಸ್ವಂತ ಚಾವಣಿಯಿಲ್ಲದ ಬಾಡಿಗೆದಾರರು ಹಾಗೂ ಬಹುಮಹಡಿ ಕಟ್ಟಡಗಳ ನಿವಾಸಿಗಳಿಗೆ ಇದರ ಲಾಭ ಸುಲಭವಾಗಿ ದೊರೆಯುವುದಿಲ್ಲ.

ಇತರ ದೇಶಗಳಲ್ಲಿ

ನೆದರ್‌ಲ್ಯಾಂಡ್ಸ್: 1959ರಲ್ಲಿ ಪತ್ತೆಯಾದ ಗ್ರೊನಿಂಗನ್ ಅನಿಲ ಕ್ಷೇತ್ರದಿಂದಾಗಿ ಇಲ್ಲಿನ ಬಹುತೇಕ ಮನೆಗಳು ಅನಿಲವನ್ನು ಅವಲಂಬಿಸಿದ್ದವು. ಅನಿಲ ತೆಗೆಯುವಿಕೆಯಿಂದ ಭೂಕಂಪಗಳು ಸಂಭವಿಸಿ ಮನೆಗಳು ಬಿರುಕುಬಿಟ್ಟವು. 2012ರಲ್ಲಿ ಹೌಜಿಂಗ ಎಂಬಲ್ಲಿ 3.6 ತೀವ್ರತೆಯ ಕಂಪನವಾಯಿತು. 2018ರ ಜುಲೈನಿಂದ ಹೊಸ ಮನೆಗಳಿಗೆ ಅನಿಲ ಸಂಪರ್ಕ ನೀಡುವುದನ್ನು ಸಾಮಾನ್ಯವಾಗಿ ನಿಲ್ಲಿಸಲಾಯಿತು. 2023ರ ಅಕ್ಟೋಬರ್‌ನಲ್ಲಿ ಆ ಕ್ಷೇತ್ರದಿಂದ ನಿಯಮಿತ ಉತ್ಪಾದನೆ ಕೊನೆಗೊಂಡಿತು.

ಅಮೆರಿಕ ಸಂಯುಕ್ತ ಸಂಸ್ಥಾನ: ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರವು 2019ರಲ್ಲಿ ಹೊಸ ಕಟ್ಟಡಗಳಿಗೆ ಅನಿಲ ಕೊಳವೆ ಜೋಡಿಸುವುದನ್ನು ನಿಷೇಧಿಸಿದ ಮೊದಲ ನಗರವಾಯಿತು. 2023ರಲ್ಲಿ ಮೇಲ್ಮನವಿ ನ್ಯಾಯಾಲಯವು ಈ ನಿಷೇಧದ ವಿರುದ್ಧ ತೀರ್ಪು ನೀಡಿತು. 2022ರ ಹಣದುಬ್ಬರ ಇಳಿಕೆ ಕಾಯ್ದೆಯು ಮನೆಗಳ ಶಾಖ ಪಂಪು ಮತ್ತು ಸೌರ ಫಲಕಗಳಿಗೆ ವಿಸ್ತರಿಸಿದ್ದ ತೆರಿಗೆ ರಿಯಾಯಿತಿಗಳು 2025ರ ಕೊನೆಗೆ ಮುಕ್ತಾಯಗೊಂಡವು.

ನೇಪಾಳ: 2015ರ ಗಡಿ ದಿಗ್ಬಂಧನದ ವೇಳೆ ಅಡುಗೆ ಅನಿಲದ ತೀವ್ರ ಕೊರತೆ ಉಂಟಾಗಿ ಜನರು ಇಂಡಕ್ಷನ್ ಒಲೆಗಳ ಮೊರೆಹೋದರು. ಅಂದು ಟ್ರಾನ್ಸ್‌ಫಾರ್ಮರ್‌ಗಳ ಮೇಲೆ ಅತಿಯಾದ ಹೊರೆ ಬಿದ್ದಿತು. ಬಹುತೇಕ ಜಲವಿದ್ಯುತ್ತನ್ನೇ ಉತ್ಪಾದಿಸುವ ಈ ದೇಶದಲ್ಲಿ ವಿದ್ಯುತ್ ಅಡುಗೆಯಿಂದ ಇಂಧನ ಆಮದು ಮತ್ತು ಇಂಗಾಲದ ಹೊರಸೂಸುವಿಕೆ ಎರಡೂ ಕಡಿಮೆಯಾಗುತ್ತವೆ.