ಕೊನೆಯ 40 ಅಧ್ಯಾಯ ಯಾರ ಖಾತೆಗೆ?

ಓದಿ ಕೊಡ್ತೀನಿ ಅಂತ ಒಯ್ದ ಪುಸ್ತಕ ವಾಪಸ್ ಬಾರದೇ ಇರೋದು ನಮಗೆಲ್ಲ ಗೊತ್ತಿರೋ ಕಥೆ. ಚೀನಾದ ಒಂದು ಮಹಾ ಕಾದಂಬರಿಗೂ ಇದೇ ಗತಿ ಆಯ್ತು.

'ಹೊಂಗ್ ಲೌ ಮೆಂಗ್', ಅಂದ್ರೆ 'ಕೆಂಪು ಮಹಲಿನ ಕನಸು'. ಸಿರಿವಂತ ಮನೆತನವೊಂದು ನೆಲಕಚ್ಚುವ ಕಥೆ. ಬರೆದ ತ್ಸಾವ್ ಶುಯೆಚಿನ್ ಅವರ ಮನೆಯ ಆಸ್ತಿಯೂ ಹಿಂದೆ ಮುಟ್ಟುಗೋಲಾಗಿತ್ತು. 1763ರ ಆಸುಪಾಸಿನಲ್ಲಿ ಅವರು ತೀರಿಕೊಂಡ ಮೇಲೆ ಕೈಬರಹದಲ್ಲಿ ಓಡಾಡಿದ್ದು 80 ಅಧ್ಯಾಯ ಮಾತ್ರ. ಮುಂದಿನ ಐದಾರು ಕರಡುಗಳನ್ನು ಓದಲು ಒಯ್ದವರು ಕಳೆದುಬಿಟ್ಟರು ಅಂತ ಆಪ್ತರೊಬ್ಬರು ಹಸ್ತಪ್ರತಿಯ ಅಂಚಿನಲ್ಲೇ ಬರೆದಿಟ್ಟಿದ್ದಾರೆ.

ನಾನು ಕಾಮರ್ಸ್ ಓದಿದವನು, ಕಣ್ಣು ಹೋಗೋದು ರೇಟಿನ ಮೇಲೆ. ದೇಗುಲದ ಸಂತೆಗಳಲ್ಲಿ ಒಂದು ಪ್ರತಿಗೆ ಹತ್ತಾರು ಬೆಳ್ಳಿ ನಾಣ್ಯದ ಬೆಲೆ! ಬೇಡಿಕೆ ಜೋರು, ಸರಕು ಮಾತ್ರ ಅರ್ಧಂಬರ್ಧ. 1791ರಲ್ಲಿ ಚೆಂಗ್ ವೆಯ್‌ಯುವಾನ್ ಮತ್ತು ಗಾವ್ ಎ ಮರದ ಅಚ್ಚುಮೊಳೆಗಳಲ್ಲಿ 120 ಅಧ್ಯಾಯ ಮುದ್ರಿಸಿದರು. ಮರುವರ್ಷವೇ ತಿದ್ದಿದ ಮುದ್ರಣವೂ ಬಂತು. ಉಳಿದ 40 ಎಲ್ಲಿಂದ ಬಂತು? ವರ್ಷಗಟ್ಟಲೆ ಹುಡುಕಿ ಇಪ್ಪತ್ತಕ್ಕೂ ಹೆಚ್ಚು ಅಧ್ಯಾಯ ಸಿಕ್ಕಿತ್ತು, ಆಮೇಲೆ ಡೋಲು ಬಡಿಯುತ್ತಾ ಬರುವ ಬೀದಿ ವ್ಯಾಪಾರಿಯ ಹೊರೆಯಲ್ಲಿ ಮತ್ತೆ ಹತ್ತಾರು ಸಿಕ್ಕವು, ಹರಿದದ್ದನ್ನು ಜೋಡಿಸಿದೆವು ಅಂತ ಚೆಂಗ್ ಮುನ್ನುಡಿಯಲ್ಲಿ ಹೇಳಿದರು.

ಓದುಗರಿಗೆ ಅಷ್ಟಕ್ಕೂ ತೃಪ್ತಿ ಇಲ್ಲ. ಆ 40 ಅಧ್ಯಾಯಗಳಲ್ಲಿ ನಾಯಕಿ ದಾಯ್‌ಯು ಸಾಯ್ತಾಳೆ. ಕೆಲವೇ ವರ್ಷಗಳಲ್ಲಿ ಬಂದ ಮುಂದುವರಿಕೆಯೊಂದು ಅವಳನ್ನು ಬದುಕಿಸಿ, ಪ್ರೀತಿಸಿದವನ ಜೊತೆಗೇ ಮದುವೆ ಮಾಡಿಸಿತು!

1921ರಲ್ಲಿ ವಿದ್ವಾಂಸ ಹು ಷ್, ಆ ವ್ಯಾಪಾರಿಯ ಕಥೆ ನಂಬೋ ಹಾಗಿಲ್ಲ, 40 ಅಧ್ಯಾಯವೂ ಗಾವ್ ಅವರ ಸೃಷ್ಟಿ ಅಂದರು. ಅವರ ಒಂದು ಆಧಾರ, ಗಾವ್ ಅವರ ಕಾಲದ ಕವಿಯೊಬ್ಬರ ಟಿಪ್ಪಣಿ: 80ರ ನಂತರದ್ದೆಲ್ಲ ಗಾವ್ 'ಬು' ಮಾಡಿದ್ದು. ಆದ್ರೆ 'ಬು' ಅಂದ್ರೆ ಹೊಸದಾಗಿ ಸೇರಿಸೋದೂ ಆಗುತ್ತೆ, ಹರಿದದ್ದಕ್ಕೆ ತೇಪೆ ಹಾಕೋದೂ ಆಗುತ್ತೆ. ಆ ಒಂದು ಪದದ ಮೇಲೆ ದಶಕಗಳ ಕಾಲ ಗಾವ್ ಅವರಿಗೆ ನಕಲಿಗಾರ ಅನ್ನೋ ಹಣೆಪಟ್ಟಿ.

1959ರಲ್ಲಿ ತಿದ್ದುಪಡಿಗಳಿಂದ ತುಂಬಿದ 120 ಅಧ್ಯಾಯದ ಹಸ್ತಪ್ರತಿಯೊಂದು ಸಿಕ್ಕಿ ಚರ್ಚೆ ಮತ್ತೆ ಶುರುವಾಯ್ತು. 2008ರ ಬೀಜಿಂಗ್ ಮುದ್ರಣದಲ್ಲಿ ಮುಂದುವರಿಸಿದವರು 'ಅನಾಮಿಕ'. ಚೆಂಗ್, ಗಾವ್ ಬರೀ ಸಂಪಾದಕರು.

ಅಕೌಂಟ್ಸ್‌ನಲ್ಲಿ ಲೆಕ್ಕ ತಾಳೆಯಾಗದಿದ್ರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕ್ತೀವಿ, ಕೈಗೆ ಸಿಕ್ಕವರ ತಲೆಗೆ ಕಟ್ಟಲ್ಲ. ಗಾವ್ ಎ ವಿಷಯದಲ್ಲಿ ಆ ಎಂಟ್ರಿ ಸರಿಹೋಗೋಕೆ 87 ವರ್ಷ ಬೇಕಾಯ್ತು.