ಲಸಿಕೆ ಬರುವ ಮೊದಲೇ ಬೆಳೆದವರು: ಗರ್ಭಿಣಿಯರಲ್ಲಿ ರುಬೆಲ್ಲಾ ನಿರೋಧಕ ಶಕ್ತಿ

ಮಕ್ಕಳಿಗೆ ರುಬೆಲ್ಲಾ ಹಗುರವಾದ ಕಾಯಿಲೆ. ಸಣ್ಣ ಜ್ವರ, ಮೈಮೇಲೆ ದದ್ದು, ಕಿವಿಯ ಹಿಂದೆ ಗಂಟು. ಕೆಲವೇ ದಿನಗಳಲ್ಲಿ ಎಲ್ಲವೂ ಇಳಿಯುತ್ತದೆ. ಅದೇ ವೈರಾಣು ಬಸಿರಿನ ಮೊದಲ ತಿಂಗಳುಗಳಲ್ಲಿ ತಾಯಿಗೆ ತಗುಲಿದರೆ ಭ್ರೂಣಕ್ಕೆ ಹಾನಿಯಾಗುವ ಸಂಭವ ಶೇ. 90ರವರೆಗೂ ಇರುತ್ತದೆ. ಕಣ್ಣಿನ ಪೊರೆ, ಕಿವುಡು, ಹೃದಯದ ದೋಷಗಳು ಅದರ ಫಲ. ಸಿಡ್ನಿಯ ನೇತ್ರತಜ್ಞ ನಾರ್ಮನ್ ಗ್ರೆಗ್ ಈ ನಂಟನ್ನು 1941ರಲ್ಲೇ ಗುರುತಿಸಿದ್ದರು. ಮಕ್ಕಳಿಗೆ ಲಸಿಕೆ ಹಾಕಿದ ಮಾತ್ರಕ್ಕೆ ಗರ್ಭಿಣಿಯರ ರಕ್ಷಣೆ ಪೂರ್ಣವಾಗದು, ಲಸಿಕೆ ತಪ್ಪಿದ ವಯಸ್ಕರನ್ನು ಹುಡುಕಿ ತಲುಪಬೇಕು ಎಂಬುದು ಈ ಲೇಖನದ ವಾದ.

ಗ್ರೀಸ್‌ನ ಅನುಭವ ಇದಕ್ಕೆ ಆಧಾರ. ಅಲ್ಲಿ 1975ರ ಸುಮಾರಿಗೆ ಲಸಿಕೆ ಬಂದರೂ ಬಹುಕಾಲ ಅದು ಅರ್ಧದಷ್ಟು ಮಕ್ಕಳನ್ನೂ ಮುಟ್ಟಲಿಲ್ಲ. ವೈರಾಣುವಿನ ಓಡಾಟ ತಗ್ಗಿತು, ನಿಲ್ಲಲಿಲ್ಲ. ಹೀಗಾಗಿ ಲಸಿಕೆಯೂ ಸಿಗದೆ, ಬಾಲ್ಯದಲ್ಲಿ ಸೋಂಕೂ ತಗುಲದೆ ಬೆಳೆದ ಹುಡುಗಿಯರು ನಿರೋಧಕ ಶಕ್ತಿಯಿಲ್ಲದೆಯೇ ತಾಯ್ತನದ ವಯಸ್ಸಿಗೆ ಬಂದರು. 1993ರ ಸಾಂಕ್ರಾಮಿಕದ ಬೆನ್ನಿಗೆ 25 ಶಿಶುಗಳು ಜನ್ಮಜಾತ ರುಬೆಲ್ಲಾದೊಂದಿಗೆ ಹುಟ್ಟಿದವು. ಜಪಾನ್ 1977ರಲ್ಲಿ ಶಾಲಾ ಹುಡುಗಿಯರಿಗಷ್ಟೇ ಲಸಿಕೆ ಕೊಡಲಾರಂಭಿಸಿತು. 2012–13ರಲ್ಲಿ ಸೋಂಕು ಮುಖ್ಯವಾಗಿ ಲಸಿಕೆ ಪಡೆಯದ ಗಂಡಸರಲ್ಲಿ ಹಬ್ಬಿ, 45 ಶಿಶುಗಳು ಅದಕ್ಕೆ ಬೆಲೆ ತೆತ್ತವು.

ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಆರಂಭವಾದದ್ದು 2017ರ ಫೆಬ್ರವರಿಯಲ್ಲಿ, 9 ತಿಂಗಳಿಂದ 15 ವರ್ಷದೊಳಗಿನವರಿಗೆ. 2002ಕ್ಕೆ ಮೊದಲು ಹುಟ್ಟಿದ ಹೆಣ್ಣುಮಕ್ಕಳು ಅದರ ಹೊರಗುಳಿದರು. ಇಂದಿನ ಗರ್ಭಿಣಿಯರಲ್ಲಿ ಅವರೂ ಇದ್ದಾರೆ. ಬಾಲ್ಯದಲ್ಲೇ ಸೋಂಕು ಬಂದುಹೋದವರಿಗೆ ರಕ್ಷಣೆಯುಂಟು. ಉಳಿದವರಿಗೆ ಸುತ್ತಲಿನವರ ಲಸಿಕೆಯೇ ಆಸರೆ.

ಇದು ಜೀವಂತ ವೈರಾಣುವಿನ ಲಸಿಕೆಯಾದ್ದರಿಂದ ಬಸಿರಿನಲ್ಲಿ ಕೊಡುವಂತಿಲ್ಲ. ಪಡೆದ ಮೇಲೂ ಒಂದು ತಿಂಗಳು ಗರ್ಭ ಧರಿಸಬಾರದು. ಆದ್ದರಿಂದ ಗರ್ಭಧಾರಣೆಗೆ ಮುಂಚಿನ ಕಾಲ, ಹೆರಿಗೆಯ ನಂತರದ ದಿನಗಳು ಎಂಬ ಎರಡೇ ಅವಕಾಶಗಳಿವೆ. ಮೊದಲನೆಯದರಲ್ಲಿ ಆರೋಗ್ಯ ಕೇಂದ್ರಕ್ಕೆ ಬರುವವರು ವಿರಳ. ಎರಡನೆಯದರಲ್ಲಿ ತಾಯಂದಿರು ಆಸ್ಪತ್ರೆಯಲ್ಲೇ ಇರುತ್ತಾರೆ: ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಸುಮಾರು ಶೇ. 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತವೆ. ಎದೆಹಾಲು ಕುಡಿಸುವುದೂ ಲಸಿಕೆಗೆ ಅಡ್ಡಿಯಲ್ಲ.

ಬಸಿರಿನ ಮೊದಲ ರಕ್ತಪರೀಕ್ಷೆಯಲ್ಲೇ ರುಬೆಲ್ಲಾ ಪ್ರತಿಕಾಯಗಳನ್ನು ಅಳೆದು, ಫಲಿತಾಂಶವನ್ನು ತಾಯಿ ಕಾರ್ಡಿನಲ್ಲಿ ಬರೆದಿಡಬೇಕು. ನಿರೋಧಕ ಶಕ್ತಿ ಇಲ್ಲದ ಬಾಣಂತಿಗೆ ಮನೆಗೆ ಕಳುಹಿಸುವ ಮುನ್ನವೇ ಲಸಿಕೆ ಹಾಕಬೇಕು. ಆಗ ಆಕೆಯ ಮುಂದಿನ ಬಸಿರಿಗಾದರೂ ಈ ಅಪಾಯ ತಟ್ಟದು.